ಹಲಾಲ್ ಕಂಪನಿಯಲ್ಲಿ ದೂರಿನ ನೀತಿ ಬರೆಯೋದು, ಎಲ್ಲರಿಗೂ ಕಾಣುವಂತೆ ಹಾಕೋದು ಹೇಗೆ: ಕಲಬುರಗಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ಹಿಂದೆ ನಾನು ಲೆಕ್ಕ ಬರೆಯಲು ಹೋಗುತ್ತಿದ್ದ ಒಂದು ಕಂಪನಿಯಲ್ಲಿ ದೂರು ಪೆಟ್ಟಿಗೆ ಇತ್ತು. ಮ್ಯಾನೇಜರ್ ಕೋಣೆಯ ಬಾಗಿಲಿಗೆ ಅಂಟಿಕೊಂಡೇ ಇತ್ತು. ಅದರ ನೆತ್ತಿಯ ಮೇಲೆ ಸಿಸಿಟಿವಿ. ಕೀಲಿ ಮ್ಯಾನೇಜರ್ ಜೇಬಿನಲ್ಲಿ. ಮೂರು ವರ್ಷದಲ್ಲಿ ಅದರೊಳಗೆ ಬಿದ್ದದ್ದು ಎರಡು ಗುಟ್ಕಾ ಚೀಟಿ, ಒಂದು ಮದುವೆ ಕಾರ್ಡು. ವರ್ಷದ ವರದಿಯಲ್ಲಿ ಮಾತ್ರ ‘ಈ ಸಾಲಿನಲ್ಲಿ ಒಂದೂ ದೂರು ಬಂದಿಲ್ಲ’ ಎಂದು ಹೆಮ್ಮೆಯಿಂದ ಬರೆದೆವು. ಬರೆದವರಲ್ಲಿ ನಾನೂ ಒಬ್ಬ.

ಆ ಕಂಪನಿಯ ಗೋಡೆ ಮೇಲೆ ‘ಹಲಾಲ್ ಕಾರೋಬಾರು’, ಅಂದರೆ ಇಸ್ಲಾಮ್ ಒಪ್ಪುವ ವ್ಯಾಪಾರ, ಎಂಬ ಬೋರ್ಡೂ ಇತ್ತು. ಬಡ್ಡಿ ಸಾಲ ಇಲ್ಲ, ದಿನಕ್ಕೆ ಐದು ಹೊತ್ತು ನಮಾಜಿಗೆ ಬಿಡುವು, ರಂಜಾನ್‌ನಲ್ಲಿ ಜಕಾತ್ ಎಂಬ ಕಡ್ಡಾಯ ದಾನ. ಎಲ್ಲಾ ಸರಿ. ಆದರೆ ಗೋದಾಮಿನ ಹುಡುಗನಿಗೆ ಏನೋ ತಪ್ಪು ಕಂಡರೆ ಯಾರಿಗೆ ಹೇಳಬೇಕು? ಅದು ಗೋಡೆ ಮೇಲೆ ಎಲ್ಲೂ ಇರಲಿಲ್ಲ. ಬರೆದದ್ದು ಒಂದು ಇಂಗ್ಲಿಷ್ ಫೈಲಿನಲ್ಲಿತ್ತು, ಅದನ್ನು ಯಾರೂ ತೆರೆದಿರಲಿಲ್ಲ.

ವಿಸಲ್‌ಬ್ಲೋವರ್ ಅಂದರೆ ಸೀಟಿ ಊದುವವನು. ನಮ್ಮೂರಲ್ಲಿ ಸೀಟಿ ಹೊಡೆಯೋದು ಟಾಕೀಸಿನಲ್ಲಿ, ಅದಕ್ಕೇ ಏನೋ ಈ ಮಾತು ನಾಲಿಗೆಗೆ ಹತ್ತಿಲ್ಲ. ಕಂಪನಿ ಒಳಗಿನ ಕಳ್ಳತನ, ಮೋಸ, ಲಂಚ, ಸುಳ್ಳು ಲೆಕ್ಕ ಕಂಡವರು ಭಯವಿಲ್ಲದೆ ಹೇಳಲು ಒಂದು ದಾರಿ ಬೇಕು. ಆ ದಾರಿಯ ಲಿಖಿತ ರೂಪವೇ ವಿಸಲ್‌ಬ್ಲೋವರ್ ನೀತಿ. ಕಾನೂನಿನ ಭಾಷೆಯಲ್ಲಿ ವಿಜಿಲ್ ಮೆಕ್ಯಾನಿಸಂ. ಅದನ್ನು ವೆಬ್‌ಸೈಟಿನಲ್ಲಿ, ವರದಿಯಲ್ಲಿ, ಗೋಡೆಯ ಮೇಲೆ ಬಹಿರಂಗಪಡಿಸುವುದು ಇಲ್ಲಿಯ ವಿಷಯ. ನೀತಿ ಬರೆಯೋದು ಅರ್ಧ ಕೆಲಸ, ಕಾಣಿಸೋದು ಇನ್ನರ್ಧ.

ಮೊದಲು: ನಿಮ್ಮದು ಯಾವ ಥರದ ಕಂಪನಿ?

ಇಸ್ಲಾಮಿ ತತ್ವ ಪಾಲಿಸುವ ಕಂಪನಿ ಅಂದರೆ ನಮ್ಮ ದೇಶದಲ್ಲಿ ಎರಡು ಥರ.

ಒಂದು, ಮಾಲೀಕರೇ ಮನಸ್ಸು ಮಾಡಿ ಹಾಗೆ ನಡೆಸುವುದು. ಬಡ್ಡಿ ಬೇಡ, ಮದ್ಯ ಬೇಡ, ಜೂಜು ಬೇಡ, ಲಾಭ ನಷ್ಟ ಎರಡರಲ್ಲೂ ಪಾಲು. ಕಲಬುರಗಿ, ಬೀದರ್, ಯಾದಗಿರಿ ಕಡೆ ದಾಲ್ ಮಿಲ್, ಬಟ್ಟೆ ಅಂಗಡಿ, ಟ್ರಾನ್ಸ್‌ಪೋರ್ಟ್ ನಡೆಸುವ ಎಷ್ಟೋ ಮನೆತನಗಳು ಹೀಗೇ ಇವೆ.

ಎರಡು, ಷೇರು ಪೇಟೆಯ ಶರೀಆ (ಇಸ್ಲಾಮಿ ಧರ್ಮಶಾಸ್ತ್ರ) ಸೂಚ್ಯಂಕದಲ್ಲಿ ಇರುವ ಕಂಪನಿಗಳು. ಎನ್‌ಎಸ್‌ಇಯಲ್ಲಿ ನಿಫ್ಟಿ 50 ಶರೀಆ ಇದೆ. ಬಿಎಸ್‌ಇಯಲ್ಲಿ 2010ರಲ್ಲಿ ತಾಸಿಸ್ ಶರೀಆ 50 ಶುರುವಾಯಿತು. ಇಲ್ಲಿ ಮಾಲೀಕ ಯಾರು ಅನ್ನೋದು ಲೆಕ್ಕಕ್ಕಿಲ್ಲ. ವ್ಯಾಪಾರ ಯಾವುದು, ಸಾಲ ಎಷ್ಟು, ಬಡ್ಡಿ ಆದಾಯ ಎಷ್ಟು ಎಂದು ಜರಡಿ ಹಿಡಿಯುತ್ತಾರೆ. ಐಟಿ ಕಂಪನಿಗಳಿಗೆ ಸಾಲ ಕಡಿಮೆ, ಅದಕ್ಕೇ ಅವು ಈ ಪಟ್ಟಿಗಳಲ್ಲಿ ಜಾಸ್ತಿ.

ಈ ಜರಡಿಗೆ ಒಂದು ತೂತು ಇದೆ. ಅದು ವ್ಯಾಪಾರ ನೋಡುತ್ತದೆ, ಅನುಪಾತ ನೋಡುತ್ತದೆ. ಒಳಗಿನವನು ಬಾಯಿ ಬಿಟ್ಟರೆ ಅವನಿಗೆ ಏನಾಗುತ್ತದೆ ಅನ್ನೋದು ಅದರಲ್ಲಿ ಇಲ್ಲ. ಹಾಗಾಗಿ ‘ಶರೀಆ ಪಟ್ಟಿಯಲ್ಲಿದೆ’ ಅಂದ ಮಾತ್ರಕ್ಕೆ ದೂರಿನ ವ್ಯವಸ್ಥೆ ಚೆನ್ನಾಗಿದೆ ಅಂತ ತಿಳಿಯಬೇಡಿ.

ಕಾನೂನು ಏನು ಕೇಳುತ್ತದೆ

2013ರ ಕಂಪನಿ ಕಾಯ್ದೆಯ 177ನೇ ಕಲಮಿನಲ್ಲಿ ಇದು ಬರುತ್ತದೆ. ಷೇರು ಪೇಟೆಯಲ್ಲಿ ಪಟ್ಟಿಯಾದ ಕಂಪನಿ, ಸಾರ್ವಜನಿಕರಿಂದ ಠೇವಣಿ ತೆಗೆದುಕೊಳ್ಳುವ ಕಂಪನಿ, ಬ್ಯಾಂಕು ಮತ್ತು ಸಾರ್ವಜನಿಕ ಹಣಕಾಸು ಸಂಸ್ಥೆಗಳಿಂದ 50 ಕೋಟಿಗಿಂತ ಜಾಸ್ತಿ ಸಾಲ ಮಾಡಿದ ಕಂಪನಿ, ಈ ಮೂರಕ್ಕೂ ಕಡ್ಡಾಯ. ದೂರು ಕೊಟ್ಟವರಿಗೆ ಕಿರುಕುಳ ಆಗದಂತೆ ರಕ್ಷಣೆ ಇರಬೇಕು. ತೀರಾ ಅಗತ್ಯ ಬಿದ್ದರೆ ನೇರವಾಗಿ ಆಡಿಟ್ ಸಮಿತಿ (ಲೆಕ್ಕಪತ್ರ ನೋಡುವ ನಿರ್ದೇಶಕರ ಸಮಿತಿ) ಅಧ್ಯಕ್ಷರನ್ನು ತಲುಪಲು ದಾರಿ ಇರಬೇಕು. ಇದರ ವಿವರ ವೆಬ್‌ಸೈಟ್ ಇದ್ದರೆ ಅಲ್ಲಿ, ಜೊತೆಗೆ ಆಡಳಿತ ಮಂಡಳಿ ವರದಿಯಲ್ಲಿ ಹಾಕಬೇಕು. ತಪ್ಪಿದರೆ ಕಂಪನಿಗೆ 5 ಲಕ್ಷ, ಹೊಣೆಗಾರ ಅಧಿಕಾರಿಗೆ 1 ಲಕ್ಷ ರೂಪಾಯಿ ದಂಡ.

ಪಟ್ಟಿಯಾದ ಕಂಪನಿಗೆ ಷೇರು ಪೇಟೆ ನಿಯಂತ್ರಿಸುವ ಸೆಬಿಯ 2015ರ ನಿಯಮಗಳೂ ಸೇರುತ್ತವೆ. ಆಡಿಟ್ ಸಮಿತಿ ಹತ್ತಿರ ಹೋಗಲು ಯಾರಿಗೂ ಅಡ್ಡಿ ಮಾಡಿಲ್ಲ ಎಂದು ವರದಿಯಲ್ಲಿ ಬರೆದುಕೊಡಬೇಕು. ಇನ್ನು 2020ರ ಆಡಿಟ್ ವರದಿ ಆದೇಶ ಅನ್ವಯಿಸುವ ಕಂಪನಿಗಳಲ್ಲಿ, ಆ ವರ್ಷ ಬಂದ ದೂರುಗಳನ್ನು ತಾನು ಪರಿಗಣಿಸಿದ್ದಾನೋ ಇಲ್ಲವೋ ಎಂದು ಆಡಿಟರ್ ಹೇಳಲೇಬೇಕು.

2014ರ ವಿಸಲ್‌ಬ್ಲೋವರ್ ರಕ್ಷಣಾ ಕಾಯ್ದೆ ಬಗ್ಗೆ ಜನ ಕೇಳುತ್ತಾರೆ. ಅದು ಸಾರ್ವಜನಿಕ ಸೇವಕರ ಮೇಲಿನ ದೂರಿಗೆ. ಖಾಸಗಿ ಕಂಪನಿಯ ಗೋದಾಮಿನ ಹುಡುಗನಿಗೆ ಅದರ ಆಸರೆ ಇಲ್ಲ. ಅವನಿಗೆ ಇರುವ ಆಸರೆ ನೀವು ಬರೆಯುವ ಈ ನೀತಿಯೇ.

ಸಣ್ಣ ಕಂಪನಿಗೆ ಕಡ್ಡಾಯ ಇಲ್ಲ, ಸರಿ. ಆದರೆ ‘ಹಲಾಲ್’ ಎಂಬ ಮಾತು ಹೇಳಿ ಜನರ ಹಣ ತೆಗೆದುಕೊಂಡಿದ್ದರೆ ನನ್ನ ಪ್ರಕಾರ ಬರೆಯಲೇಬೇಕು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕಂಪನಿಯ ಹೂಡಿಕೆ ಹಗರಣ ನೆನಪಿದೆ ಅಲ್ವಾ? ಹಲಾಲ್ ಹೂಡಿಕೆ ಎಂದು ನಂಬಿ ಹಣ ಹಾಕಿದ ಸಾವಿರಾರು ಜನ ಶಿವಾಜಿನಗರದ ಕಚೇರಿ ಮುಂದೆ ನಿಂತರು. ಅಷ್ಟು ದೊಡ್ಡ ವ್ಯವಹಾರದ ಲೆಕ್ಕ ಬರೆಯಲು ಎಷ್ಟು ಕೈ ಬೇಕು ಯೋಚಿಸಿ. ಕಂಡದ್ದನ್ನು ಹೇಳಲು ಅಂಥ ಕೈಗಳಿಗೆ ಒಂದು ದಾರಿ ಬೇಡವಾ?

ಹಂತ 1: ಚುಗಲಿಗೂ (ಚಾಡಿಗೂ) ಸಾಕ್ಷಿಗೂ ಗೆರೆ ಎಳೆಯಿರಿ

ಇದೇ ಅತಿ ಮುಖ್ಯ ಹಂತ. ನಾನು ನೋಡಿದ ಹೆಚ್ಚಿನ ನೀತಿಗಳಲ್ಲಿ ಇದೇ ಇಲ್ಲ.

ದೀನ್‌ದಾರ್, ಅಂದರೆ ಧರ್ಮನಿಷ್ಠ, ಕೆಲಸಗಾರನನ್ನು ಕೇಳಿ ನೋಡಿ. ‘ನಿನಗೆ ಗೊತ್ತಿತ್ತು, ಯಾಕೆ ಹೇಳಲಿಲ್ಲ?’ ಅಂದರೆ ಅವನ ಉತ್ತರ: ‘ಸಾಬ್, ಗೀಬತ್ ಹರಾಮ್. ಚುಗಲಿ ಹೇಳೋನು ನಾನಲ್ಲ.’ ಅವನು ಸುಳ್ಳು ಹೇಳುತ್ತಿಲ್ಲ. ಕುರ್‌ಆನ್‌ನ 49ನೇ ಅಧ್ಯಾಯದ 12ನೇ ವಚನ ಹಿಂದಿನಿಂದ ಮಾತಾಡೋದನ್ನು ಸತ್ತ ಅಣ್ಣತಮ್ಮನ ಮಾಂಸ ತಿನ್ನುವುದಕ್ಕೆ ಹೋಲಿಸುತ್ತದೆ. ಅದನ್ನು ಕೇಳಿ ಬೆಳೆದವನು ಸುಮ್ನೆ ಬಾಯಿ ಬಿಡೋದಿಲ್ಲ. ಕಳ್ಳನಿಗೂ ಇದು ಚೆನ್ನಾಗಿ ಗೊತ್ತು.

ಹಾಗಾಗಿ ನೀತಿಯ ಮೊದಲ ಪ್ಯಾರಾದಲ್ಲೇ ಇನ್ನೊಂದು ಬದಿ ಹೇಳಿ. 2ನೇ ಅಧ್ಯಾಯದ 283ನೇ ವಚನ ಸಾಕ್ಷ್ಯ ಮುಚ್ಚಿಡಬೇಡಿ ಎನ್ನುತ್ತದೆ. 4ನೇ ಅಧ್ಯಾಯದ 135ನೇ ವಚನ ತಂದೆತಾಯಿ, ಬಂಧುಗಳ ವಿರುದ್ಧ ಆದರೂ ನ್ಯಾಯದ ಪರ ನಿಲ್ಲಿ ಎನ್ನುತ್ತದೆ. ಮನೆಮಂದಿಯೇ ಮ್ಯಾನೇಜರ್‌ಗಳಾಗಿರುವ ನಮ್ಮ ಕಡೆಯ ಕಂಪನಿಗಳಿಗೆ ಇದು ನೇರ ತಾಕುತ್ತದೆ. 13ನೇ ಶತಮಾನದ ಸಿರಿಯಾದ ವಿದ್ವಾಂಸ ಇಮಾಮ್ ನವವಿ ಯಾವಾಗ ಇನ್ನೊಬ್ಬರ ತಪ್ಪು ಹೇಳಬಹುದು ಎಂದು ಆರು ಸಂದರ್ಭ ಪಟ್ಟಿ ಮಾಡಿದ್ದಾರೆ. ಅನ್ಯಾಯಕ್ಕೆ ಒಳಗಾದವನು ಅಧಿಕಾರಿಗೆ ದೂರು ಕೊಡುವುದು, ಕೆಟ್ಟದ್ದನ್ನು ತಡೆಯಲು ಸಹಾಯ ಕೇಳುವುದು, ಮೋಸ ಹೋಗುವವರನ್ನು ಎಚ್ಚರಿಸುವುದು ಆ ಆರರಲ್ಲಿ ಸೇರಿವೆ. ಚಹಾದ ಅಂಗಡಿಯಲ್ಲಿ ಹೇಳಿದರೆ ಚುಗಲಿ. ಸರಿಪಡಿಸುವ ಅಧಿಕಾರ ಇರುವವರಿಗೆ ಹೇಳಿದರೆ ಸಾಕ್ಷಿ. ಈ ಎರಡು ಸಾಲು ಬರೆದರೂ ಸಾಕು, ಅರ್ಧ ಬೀಗ ತೆರೆಯುತ್ತದೆ.

ನಮ್ಮವರಿಗೆ ತಟ್ಟನೆ ಅರ್ಥವಾಗುವ ಒಂದು ಹದೀಸ್ (ಪ್ರವಾದಿಯವರ ನಡೆನುಡಿಯ ದಾಖಲೆ) ಇದೆ. ಪ್ರವಾದಿಯವರು ಪೇಟೆಯಲ್ಲಿ ಧಾನ್ಯದ ರಾಶಿಗೆ ಕೈ ಹಾಕಿದರು. ಮೇಲೆ ಒಣಗಿತ್ತು, ಒಳಗೆ ಒದ್ದೆ. ಒದ್ದೆಯಾದದ್ದನ್ನು ಮೇಲೇ ಇಡಬೇಕಿತ್ತು, ಮೋಸ ಮಾಡುವವನು ನಮ್ಮವನಲ್ಲ ಎಂದರು. ಕಲಬುರಗಿ ಗಂಜ್‌ನಲ್ಲಿ ತೊಗರಿ ಚೀಲಕ್ಕೆ ಕೈ ಹಾಕಿ ನೋಡದ ವ್ಯಾಪಾರಿ ಇದ್ದಾನಾ? ನೀತಿ ಹಾಕುವ ನೋಟೀಸಿನಲ್ಲಿ ಇದನ್ನೇ ಬರೆಯಿರಿ. ಬೇರೆ ಪೀಠಿಕೆ ಬೇಡ.

ಇನ್ನೊಂದು ಮಾತು. ಈ ನೀತಿಗಳಲ್ಲಿ ‘ಅಮಾನತ್’ ಎಂಬ ಪದ ಬಂದೇ ಬರುತ್ತದೆ, ನಂಬಿ ಒಪ್ಪಿಸಿದ್ದು ಅಂತ ಅರ್ಥ. ನಮ್ಮ ಕನ್ನಡದಲ್ಲಿ ಅಮಾನತು ಅಂದರೆ ಕೆಲಸದಿಂದ ಸಸ್ಪೆಂಡ್! ‘ಅಮಾನತ್ ಕಾಯುವವರಿಗೆ’ ಎಂದು ಬರೆದ ನೋಟೀಸ್ ನೋಡಿ ಒಬ್ಬ ಹಮಾಲ ಹೆದರಿದ್ದನ್ನು ಕಂಡಿದ್ದೇನೆ. ‘ನಂಬಿಕೆ’ ಎಂದೇ ಬರೆಯಿರಿ.

ಹಂತ 2: ಯಾವುದನ್ನು ದೂರಬಹುದು

ಕಾನೂನಿನ ತಪ್ಪುಗಳು ಗೊತ್ತಿರುವಂಥವೇ: ಕಳವು, ಖೊಟ್ಟಿ ಬಿಲ್ಲು, ಲಂಚ, ತೂಕದಲ್ಲಿ ಮೋಸ, ತೆರಿಗೆ ತಪ್ಪಿಸೋದು. ಇವುಗಳ ಜೊತೆ ತತ್ವದ ತಪ್ಪುಗಳನ್ನೂ ಹೆಸರಿಸಿ. ಇಲ್ಲಿಯೇ ನಿಮ್ಮ ನೀತಿ ಬೇರೆಯವರ ನೀತಿಗಿಂತ ಬೇರೆ ಆಗೋದು.

ಮುರಾಬಹಾ ವ್ಯವಹಾರ ತಗೊಳ್ಳಿ. ಕಂಪನಿ ಮೊದಲು ಸಾಮಾನು ಕೊಂಡು, ಲಾಭ ಸೇರಿಸಿ, ಕಂತಿನಲ್ಲಿ ಮಾರಬೇಕು. ಸಾಮಾನು ಕೊಳ್ಳದೇ ಬರೀ ಕಾಗದ ಓಡಾಡಿದರೆ ಅದು ಬಡ್ಡಿ ಸಾಲವೇ, ಹೆಸರು ಮಾತ್ರ ಬೇರೆ. ಬಿಲ್ಲಿನಲ್ಲಿರುವ ಟ್ರ್ಯಾಕ್ಟರ್ ಅಂಗಳಕ್ಕೆ ಬಂದೇ ಇಲ್ಲ ಅನ್ನೋದು ಮೊದಲು ತಿಳಿಯೋದು ಗುಮಾಸ್ತನಿಗೆ. ಒಬ್ಬರ ಹಣ, ಇನ್ನೊಬ್ಬರ ದುಡಿಮೆ ಸೇರುವ ಮುದಾರಬಾದಲ್ಲಿ ಲಾಭವನ್ನು ಇಷ್ಟು ಪಾಲು ಎಂದು ಹಂಚಬೇಕು, ನಷ್ಟವಾದರೆ ಹಣ ಹಾಕಿದವರದು. ‘ಲಕ್ಷಕ್ಕೆ ತಿಂಗಳಿಗೆ ಇಷ್ಟು ಸಾವಿರ ಗ್ಯಾರಂಟಿ’ ಅಂದರೆ ಅದು ಮುದಾರಬಾ ಅಲ್ಲ. ಹೊಸಬರ ಹಣದಿಂದ ಹಳಬರಿಗೆ ಲಾಭ ಕೊಡುತ್ತಿರುವ ಅನುಮಾನವೂ ದೂರಿನ ಪಟ್ಟಿಯಲ್ಲಿ ಇರಲಿ. ತಪ್ಪಿ ಬಂದ ಬಡ್ಡಿಯನ್ನು ದಾನಕ್ಕೆ ತೆಗೆದಿಟ್ಟು ಬೇರೆ ಕಡೆ ಖರ್ಚು ಮಾಡಿದ್ದು, ಜಕಾತ್ ಹಣ ಮಾಲೀಕರ ನೆಂಟರ ಕೈ ಸೇರಿದ್ದು, ಹಲಾಲ್ ಗುರುತನ್ನು ಸುಳ್ಳು ಹಾಕಿದ್ದು, ಇವೂ ಇರಲಿ.

ಲೈಂಗಿಕ ಕಿರುಕುಳದ ದೂರು ಇದರಲ್ಲಿ ಬೆರೆಸಬೇಡಿ. ಹತ್ತು ಅಥವಾ ಹೆಚ್ಚು ಜನ ಇರುವ ಜಾಗದಲ್ಲಿ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಅದಕ್ಕೆ ಬೇರೆ ಸಮಿತಿ ಇರಲೇಬೇಕು. ನೋಟೀಸಿನಲ್ಲಿ ಆ ಸಮಿತಿಯ ವಿವರವನ್ನೂ ಪಕ್ಕದಲ್ಲೇ ಕೊಡಿ. ಬಡ್ತಿ, ರಜೆ, ಪಗಾರದ ತಕರಾರು ಎಚ್‌ಆರ್‌ಗೆ.

ಹಂತ 3: ಕಾಗದ ಯಾರ ಕೈಗೆ ಹೋಗಬೇಕು

ಆಡಿಟ್ ಸಮಿತಿ ಇದ್ದರೆ ಅದರ ಅಧ್ಯಕ್ಷರಿಗೆ. ಇಲ್ಲದಿದ್ದರೆ ಮಂಡಳಿ ಒಬ್ಬ ನಿರ್ದೇಶಕರನ್ನು ಇದಕ್ಕೆಂದೇ ನೇಮಿಸಬೇಕು, ನಿಯಮವೂ ಹಾಗೇ ಹೇಳುತ್ತದೆ. ಮನೆತನದ ಕಂಪನಿಯಲ್ಲಿ ನಿರ್ದೇಶಕರೆಲ್ಲ ಅಣ್ಣತಮ್ಮಂದಿರು, ಭಾವಮೈದುನರು. ಅಲ್ಲಿ ಹೊರಗಿನ ಒಬ್ಬರನ್ನು ಸೇರಿಸಿ, ಲೆಕ್ಕ ಬಲ್ಲವರು, ನಿಮ್ಮ ಮನೆ ಉಪ್ಪಿನ ಋಣ ಇಲ್ಲದವರು. ಅವರ ಮೇಲೆಯೇ ದೂರು ಬಂದರೆ ಯಾರಿಗೆ ಅನ್ನೋದನ್ನೂ ಬರೆಯಿರಿ.

ಧರ್ಮಶಾಸ್ತ್ರ ಹೇಳುವ ಮುಫ್ತಿ ಸಾಹೇಬರಿಗೆ ಬಿಡೋಣ ಅನ್ನುವವರಿದ್ದಾರೆ. ಶರೀಆ ಸಲಹೆಗಾರರು ತತ್ವದ ಪ್ರಶ್ನೆಗೆ ಬೇಕು, ಒಪ್ಪಂದ ಸರಿಯೋ ತಪ್ಪೋ ಎಂದು ಹೇಳಲು. ಖೊಟ್ಟಿ ಬಿಲ್ಲು ಹಿಡಿಯೋದು ಅವರ ಕೆಲಸ ಅಲ್ಲ. ಅವರಿಗೆ ಸಂಭಾವನೆ ಕೊಡೋದು ಕಂಪನಿಯೇ ಅನ್ನೋದೂ ನೆನಪಿರಲಿ. ‘ಒಳಗೇ ಕೂತು ಸುಲಹ (ರಾಜಿ) ಮಾಡಿಕೊಳ್ಳಿ’ ಎಂಬ ಸಲಹೆ ಮನೆ ಜಗಳಕ್ಕೆ ಸರಿ, ಜನರ ಹಣಕ್ಕೆ ಅಲ್ಲ.

ದೂರು ಬರುವ ದಾರಿ ಕನಿಷ್ಠ ಮೂರು ಇಡಿ: ಅಂಚೆ, ಇಮೇಲ್, ಎದುರುಬದುರು ಮಾತು. ವಾಟ್ಸ್‌ಆ್ಯಪ್ ಒಂದನ್ನೇ ಇಡಬೇಡಿ, ಅಲ್ಲಿ ನಂಬರ್ ಕಾಣುತ್ತದೆ. ಓದು ಬರದವರು ಬಾಯಲ್ಲಿ ಹೇಳಬಹುದು, ಕೇಳಿದವರು ಬರೆದುಕೊಂಡು ಓದಿ ತೋರಿಸಬೇಕು.

ಹೆಸರಿಲ್ಲದ ದೂರು ತಗೋಬೇಕಾ? ತಗೋಳಿ. 2019ರಲ್ಲಿ ಇನ್ಫೋಸಿಸ್‌ನಂಥ ಕಂಪನಿಗೇ ಹೆಸರಿಲ್ಲದ ಪತ್ರ ಬಂತು. ಆಡಿಟ್ ಸಮಿತಿ ಹೊರಗಿನವರ ನೆರವಿನಿಂದ ತನಿಖೆ ಮಾಡಿತು. ಆರೋಪಕ್ಕೆ ಪುರಾವೆ ಸಿಗಲಿಲ್ಲ ಎಂದು 2020ರ ಜನವರಿಯಲ್ಲಿ ಹೊರಗೆ ಹೇಳಿತು. ಪತ್ರವನ್ನು ಕಸದ ಬುಟ್ಟಿಗೆ ಹಾಕಲಿಲ್ಲ ನೋಡಿ.

ಹಂತ 4: ಹೇಳಿದವನನ್ನು ಕಾಯೋದು

ಕೆಜಿಎಫ್‌ನ ಹುಡುಗ ಷಣ್ಮುಗಂ ಮಂಜುನಾಥ್. ಮೈಸೂರಿನಲ್ಲಿ ಓದಿದವರು, ಇಂಡಿಯನ್ ಆಯಿಲ್ ಅಧಿಕಾರಿ. ಕಲಬೆರಕೆ ಮಾಡುತ್ತಿದ್ದ ಬಂಕಿಗೆ ಬೀಗ ಹಾಕಿಸಿದ್ದಕ್ಕೆ 2005ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದಲ್ಲಿ ಗುಂಡಿಗೆ ಬಲಿಯಾದರು. ಅದಕ್ಕೂ ಮೂರು ವರ್ಷ ಮೊದಲು ಹೆದ್ದಾರಿ ಎಂಜಿನಿಯರ್ ಸತ್ಯೇಂದ್ರ ದುಬೆ ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡೇ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದರು. ಹೆಸರು ಕಚೇರಿಯಿಂದ ಕಚೇರಿಗೆ ಓಡಾಡಿತು. ಗಯಾದಲ್ಲಿ ಅವರ ಕೊಲೆಯಾಯಿತು.

ನಮ್ಮ ಕಂಪನಿಗಳಲ್ಲಿ ಗುಂಡು ಹಾರೋದಿಲ್ಲ, ಬೇರೆ ಆಗುತ್ತದೆ. ಕಲಬುರಗಿಯವನನ್ನು ಸೇಡಂ ಗೋದಾಮಿಗೆ ಹಾಕುತ್ತಾರೆ. ರಾತ್ರಿ ಪಾಳಿ ಕೊಡುತ್ತಾರೆ. ಈದ್ ಬೋನಸ್ ತಪ್ಪುತ್ತದೆ. ಮೊಹಲ್ಲಾದಲ್ಲಿ ಮಾತು ನಿಲ್ಲುತ್ತದೆ. ತಂಗಿ ಸಂಬಂಧಕ್ಕೆ ಅಡ್ಡಿ ಬರುತ್ತದೆ. ‘ಪ್ರತೀಕಾರ ನಿಷಿದ್ಧ’ ಎಂಬ ಒಂದು ಒಣ ಸಾಲು ಇವುಗಳಲ್ಲಿ ಒಂದನ್ನೂ ತಡೆಯೋದಿಲ್ಲ. ಹೆಸರಿಟ್ಟು ಬರೆಯಿರಿ: ವರ್ಗ, ಪಾಳಿ ಬದಲಾವಣೆ, ಬೋನಸ್ ಕಡಿತ, ಸಾಮಾಜಿಕವಾಗಿ ದೂರವಿಡುವುದು. ದೂರು ಕೊಟ್ಟ ಒಂದು ವರ್ಷದೊಳಗೆ ಅವನ ಮೇಲೆ ಇಂಥ ಯಾವ ಆದೇಶ ಬಂದರೂ ನೇಮಕಗೊಂಡ ನಿರ್ದೇಶಕರ ಸಹಿ ಬೇಕು ಎಂದು ಸೇರಿಸಿ. ಇದು ಕಾನೂನಿನಲ್ಲಿಲ್ಲ, ನನ್ನ ಸಲಹೆ. ಕೆಲಸ ಮಾಡುತ್ತದೆ.

ದೂರಿಗೆ ಒಂದು ನಂಬರ್ ಕೊಡಿ. ಫೈಲಿನಲ್ಲಿ ನಂಬರ್ ಮಾತ್ರ ಇರಲಿ, ಹೆಸರು ಬೇರೆ ಲಕೋಟೆಯಲ್ಲಿ.

ಹಂತ 5: ಆರೋಪ ಬಂದವನನ್ನೂ ಕಾಯೋದು

ಬೀದರ್‌ಗೆ ಹೋದವರು ಮಹಮೂದ್ ಗವಾನ್ ಮದರಸಾ ನೋಡಿಯೇ ಬರುತ್ತಾರೆ. 1472ರಲ್ಲಿ ಕಟ್ಟಿಸಿದ್ದು. ಕಟ್ಟಿಸಿದವನ ಕೊನೆ ಹೇಗಾಯಿತು ಗೊತ್ತಾ? ಗವಾನ್ ಬಹಮನಿ ರಾಜ್ಯದ ವಜೀರ. ಆಗದವರು ಅವನ ಮೊಹರು ಕಾಯುವವನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿಕೊಂಡರು. ಅದರ ಮೇಲೆ ಒಡಿಶಾದ ರಾಜನಿಗೆ ಬರೆದಂತೆ ದ್ರೋಹದ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. ಸುಲ್ತಾನ ವಿಚಾರಿಸಲಿಲ್ಲ. 1481ರಲ್ಲಿ ತಲೆ ಹೋಯಿತು. ಆಮೇಲೆ ಮನೆ ಜಾಲಾಡಿದರೆ ಕೂಡಿಟ್ಟ ಸಂಪತ್ತೇ ಇರಲಿಲ್ಲ. ಮರುವರ್ಷ ಸುಲ್ತಾನನೂ ಸತ್ತ. ಮುಂದೆ ರಾಜ್ಯವೇ ಒಡೆಯಿತು.

ಅದೊಂದು ಹೆಸರಿಲ್ಲದ ದೂರಿನ ಕಥೆಯೇ ಅಲ್ವಾ? ಮೊಹರು ಇತ್ತು, ಪುರಾವೆ ಇದ್ದಂತೆ ಕಂಡಿತು. 49ನೇ ಅಧ್ಯಾಯದ 6ನೇ ವಚನ ಇದಕ್ಕೇ ಇದೆ: ನಂಬಿಕೆಗೆ ಯೋಗ್ಯನಲ್ಲದವನು ಸುದ್ದಿ ತಂದರೆ ಪರಿಶೀಲಿಸಿ, ಇಲ್ಲದಿದ್ದರೆ ತಿಳಿಯದೆ ಯಾರಿಗೋ ಕೇಡು ಮಾಡಿ ಆಮೇಲೆ ಮರುಗುತ್ತೀರಿ. ಹಾಗಾಗಿ ಆರೋಪ ಬಂದವನಿಗೆ ಕಾಗದ ನೋಡಿ ಉತ್ತರ ಕೊಡುವ ಅವಕಾಶ ನೀತಿಯಲ್ಲಿ ಇರಲಿ. ತೀರ್ಮಾನ ಆಗುವ ತನಕ ಅವನ ಹೆಸರೂ ಗುಟ್ಟು. ಮತ್ತೆ ಮತ್ತೆ ಹುರುಳಿಲ್ಲದ ದೂರು ಕೊಟ್ಟವರಿಗೆ ಛೀಮಾರಿ ಹಾಕಬಹುದು ಎಂದು ಕಂಪನಿ ನಿಯಮವೇ ಹೇಳುತ್ತದೆ. ಆದರೆ ನಂಬಿ ಕೊಟ್ಟ ದೂರು ಸುಳ್ಳಾದರೆ ಶಿಕ್ಷೆ ಇಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ.

‘ನಾಲ್ಕು ಸಾಕ್ಷಿ ತಾ’ ಅನ್ನುವವರು ಸಿಗುತ್ತಾರೆ. ಆ ನಾಲ್ಕು ಸಾಕ್ಷಿ ವ್ಯಭಿಚಾರದ ಆರೋಪಕ್ಕೆ. ಗೋದಾಮಿನ ಲೆಕ್ಕಕ್ಕೆ ಅಲ್ಲ. ತನಿಖೆ ಶುರು ಮಾಡಲು ಒಂದು ಬಿಲ್ಲಿನ ಫೋಟೋ ಸಾಕು.

ಅವಧಿ ಎಷ್ಟು ಎಂದು ನಮ್ಮ ಕಾಯ್ದೆ ಹೇಳೋದಿಲ್ಲ. ಯುರೋಪಿನ 2019ರ ನಿರ್ದೇಶನದಲ್ಲಿ ಏಳು ದಿನದಲ್ಲಿ ‘ದೂರು ಬಂತು’ ಎಂಬ ಉತ್ತರ, ಮೂರು ತಿಂಗಳಲ್ಲಿ ಏನಾಯಿತು ಎಂಬ ಮಾಹಿತಿ. ಅದನ್ನೇ ಇಟ್ಟುಕೊಳ್ಳಿ.

ಹಂತ 6: ಕಾಣುವಂತೆ ಹಾಕೋದು

ವೆಬ್‌ಸೈಟಿನಲ್ಲಿ ಪೂರ್ತಿ ನೀತಿ ಇರಲಿ, ಮುಖಪುಟದಿಂದ ಒಂದೇ ಕ್ಲಿಕ್ಕಿಗೆ. ಭಾಷೆ ಕನ್ನಡ, ಉರ್ದು ಎರಡೂ. ಇಲ್ಲೊಂದು ಸೂಕ್ಷ್ಮ ಇದೆ. ನಮ್ಮ ಹುಡುಗರ ಮನೆಮಾತು ದಖ್ಖನಿ, ಆದರೆ ಎಷ್ಟೋ ಜನ ಕಲಿತದ್ದು ಕನ್ನಡ ಶಾಲೆಯಲ್ಲಿ. ಉರ್ದು ಲಿಪಿ ಓದಲು ಬರೋದಿಲ್ಲ. ಬರೀ ಉರ್ದು ಹಾಕಿ ಕೈ ತೊಳೆದುಕೊಳ್ಳಬೇಡಿ. ಬೇರೆ ಧರ್ಮದ ಕೆಲಸಗಾರರೂ ಇದ್ದಾರೆ, ನೀತಿ ಅವರದ್ದೂ ಹೌದು, ಅದನ್ನೂ ಒಂದು ಸಾಲಿನಲ್ಲಿ ಹೇಳಿ.

ಗೋಡೆಯ ನೋಟೀಸ್ ಹೀಗಿರಬಹುದು:

‘ಈ ಕಂಪನಿಯಲ್ಲಿ ರಾಶಿಯ ಒಳಗೆ ಒದ್ದೆ ಕಂಡರೆ ಹೇಳಿ. ಕಳವು, ಸುಳ್ಳು ಬಿಲ್ಲು, ತೂಕದ ಮೋಸ, ಹೆಸರು ಬದಲಿಸಿದ ಬಡ್ಡಿ, ಜಕಾತ್ ಹಣದ ದುರುಪಯೋಗ, ಯಾವುದೇ ಇರಲಿ. ಕೆಲಸಗಾರ, ಹಮಾಲ, ಡ್ರೈವರ್, ಮಾಲು ಕೊಡುವವರು, ಹಣ ಹೂಡಿದವರು, ಯಾರು ಬೇಕಾದರೂ ಹೇಳಬಹುದು. ಹೆಸರು ಹೇಳಲೇಬೇಕೆಂದಿಲ್ಲ. ಕಾಗದವನ್ನು ಮ್ಯಾನೇಜರ್ ತೆರೆಯುವುದಿಲ್ಲ, ಕೆಳಗೆ ವಿಳಾಸ ಇರುವ ನಿರ್ದೇಶಕರು ಮಾತ್ರ ತೆರೆಯುತ್ತಾರೆ. ಏಳು ದಿನದಲ್ಲಿ ಉತ್ತರ ಬರುತ್ತದೆ. ದೂರು ಕೊಟ್ಟಿದ್ದಕ್ಕೆ ವರ್ಗ, ಪಾಳಿ, ಬೋನಸ್ ಯಾವುದರಲ್ಲೂ ತೊಂದರೆ ಮಾಡಿದವರ ಮೇಲೆ ಕ್ರಮ ಆಗುತ್ತದೆ. ಇದು ಚುಗಲಿ ಅಲ್ಲ, ಸಾಕ್ಷಿ.’

ಮಂಡಳಿ ವರದಿಗೆ ಅಂಕಿ ಬೇಕು. ವರ್ಷದ ಶುರುವಿನಲ್ಲಿ ಬಾಕಿ ಎಷ್ಟು, ಬಂದದ್ದು ಎಷ್ಟು, ಅದರಲ್ಲಿ ಹೆಸರಿಲ್ಲದ್ದು ಎಷ್ಟು, ನಿಜವಾದದ್ದು, ಆಗದ್ದು, ಉಳಿದದ್ದು. ತತ್ವದ ದೂರುಗಳನ್ನು ಬೇರೆ ಸಾಲಿನಲ್ಲಿ ತೋರಿಸಿ. ಏನು ಕ್ರಮ ಆಯಿತು ಎಂದು ಹೆಸರಿಲ್ಲದೆ ಎರಡು ವಾಕ್ಯ. ದಾನಕ್ಕೆ ತೆಗೆದಿಟ್ಟ ಹಣದ ಲೆಕ್ಕದ ಪಕ್ಕದಲ್ಲೇ ಇದೂ ಬರಲಿ, ಹೂಡಿಕೆದಾರರು ಆ ಪುಟವನ್ನು ಓದುತ್ತಾರೆ.

ಸೊನ್ನೆ ಬಂದರೆ? ಸೊನ್ನೆ ಎಂದೇ ಬರೆಯಿರಿ. ಜೊತೆಗೆ ನೋಟೀಸ್ ಎಷ್ಟು ಜಾಗದಲ್ಲಿದೆ, ಎಷ್ಟು ಜನರಿಗೆ ಓದಿ ಹೇಳಿದ್ದೀರಿ ಎಂದೂ ಬರೆಯಿರಿ. ಆಗ ಓದುವವನಿಗೆ ಆ ಸೊನ್ನೆಯ ತೂಕ ತಿಳಿಯುತ್ತದೆ.

ಮಾರ್ಚ್‌ಗೆ ವರ್ಷ ಮುಗಿದರೆ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ಆಗಬೇಕು. ಹಾಗಾಗಿ ಏಪ್ರಿಲ್‌ನಲ್ಲೇ ಅಂಕಿ ಕೂಡಿಸಿ, ಮೇನಲ್ಲಿ ನೇಮಕಗೊಂಡ ನಿರ್ದೇಶಕರಿಂದ ಸಹಿ ಹಾಕಿಸಿ, ಆಡಿಟರ್ ಕೇಳುವ ಮೊದಲೇ ದೂರಿನ ರಿಜಿಸ್ಟರ್ ಅವರ ಮೇಜಿನ ಮೇಲಿಡಿ. ಪೆಟ್ಟಿಗೆ ಇಡುವುದಾದರೆ ನೀರಿನ ಕೊಡದ ಹತ್ತಿರವೋ ವಜೂ ಮಾಡುವ (ನಮಾಜಿಗೆ ಮೊದಲು ಕೈಕಾಲು ತೊಳೆಯುವ) ಜಾಗದ ಹಿಂದೆಯೋ ಇಡಿ. ಕ್ಯಾಮೆರಾ ಕಣ್ಣು ಅಲ್ಲಿ ಬೀಳಬಾರದು. ಕೀಲಿ ಎರಡು ಇರಲಿ, ಒಂದು ನಿರ್ದೇಶಕರ ಹತ್ತಿರ, ಇನ್ನೊಂದು ಹೊರಗಿನವರ ಹತ್ತಿರ, ಎರಡೂ ಹಾಕಿದರೆ ಮಾತ್ರ ತೆರೆಯುವಂಥ ಬೀಗ. ಗಂಜ್‌ನಲ್ಲಿ ಯಾವ ಕಬ್ಬಿಣದ ಅಂಗಡಿಯಲ್ಲಿ ಕೇಳಿದರೂ ಮಾಡಿಕೊಡುತ್ತಾರೆ.